ಗಾಡಿ ದಾಟಿದ ಉಪ್ಪುನೆಲ

ಕುದುರೆಗಳು ಹೋಗುವುದಕ್ಕೆ ಮೊದಲು ದಾರಿ ನೋಡಿ ಬರುವುದು ನನ್ನ ಕೆಲಸವಾಗಿತ್ತು. ಆ ದಾರಿಯನ್ನೂ ನಾನೇ ನೋಡಿ ಬಂದಿದ್ದೆ.

ಆಗ ನಾನು ದುಬೈ ಹೊರವಲಯದ ಒಂದು ಕುದುರೆ ಲಾಯದಲ್ಲಿ ದೂರದ ಸವಾರಿಗಳ ಏರ್ಪಾಡು ನೋಡಿಕೊಳ್ಳುತ್ತಿದ್ದೆ. ಯಾವ ಸವಾರರಿಗೆ ಯಾವ ಕುದುರೆ, ಎಷ್ಟು ದೂರಕ್ಕೊಮ್ಮೆ ನೀರು, ಪಿಕಪ್ ಎಲ್ಲಿ ಕಾಯಬೇಕು ಎಂಬುದೆಲ್ಲ ನನ್ನ ಪುಸ್ತಕದಲ್ಲಿರುತ್ತಿತ್ತು. ಆ ಜನವರಿಯ ಸವಾರಿ ಅಬುಧಾಬಿಯ ದಕ್ಷಿಣಕ್ಕೆ, ಲಿವಾ ಕಡೆಯ ದೊಡ್ಡ ಮರಳುಗುಡ್ಡಗಳ ನಡುವೆ. ಎಂಟು ಸವಾರರು, ಹತ್ತು ಕುದುರೆ, ಮೂರು ದಿನ. ಎರಡನೆಯ ದಿನ, ಶುಕ್ರವಾರ ಬೆಳಿಗ್ಗೆ, ಖರ್ಜೂರ ತೋಟಗಳ ಹಿಂದಿದ್ದ ಕೆಲಸಗಾರರ ವಸತಿಯೊಂದನ್ನು ತಲುಪಿ, ಅಲ್ಲಿನವರ ಕಣ್ಣು ಪರೀಕ್ಷೆ ಮಾಡಿಸಿ, ಮಳೆಗೆ ಸೋರುತ್ತಿದ್ದ ಮೂರು ಕೋಣೆಗಳ ಮಾಡು ಸರಿಮಾಡಿಕೊಡಬೇಕೆಂಬುದು ಯೋಜನೆ. ಇಂಥ ಕೆಲಸಕ್ಕೆ ಇಲ್ಲಿ ಮನಸ್ಸು ಬಂದಂತೆ ಹೊರಡುವಂತಿಲ್ಲ. ಪರವಾನಗಿ ಇದ್ದ ಸಂಸ್ಥೆಯೊಂದರ ಪತ್ರ ನನ್ನ ಫೈಲಿನಲ್ಲಿತ್ತು.

ಆ ವಸತಿಯನ್ನು ನಾವು ಹಳ್ಳಿ ಎನ್ನುತ್ತಿದ್ದೆವು. ಹಳ್ಳಿಯಲ್ಲಿ ಇರಬೇಕಾದ ಹೆಂಗಸರು, ಮಕ್ಕಳು ಅಲ್ಲಿರಲಿಲ್ಲ. ಸಾಲಾಗಿ ಕೋಣೆಗಳು, ಒಂದು ಪುಟ್ಟ ಮಸೀದಿ, ಒಂದು ಗ್ರೋಸರಿ, ಬೇಲಿಯಾಚೆ ಒಂಟೆಗಳು. ಬಾಂಗ್ಲಾದವರು, ಪೇಶಾವರದ ಕಡೆಯವರು, ತೆಲಂಗಾಣದವರು ಕೆಲವರು.

ಕಣ್ಣಿನ ಡಾಕ್ಟರು ಉಡುಪಿ ಕಡೆಯವರು, ದುಬೈಯ ಊದ್ ಮೇಥಾದಲ್ಲಿ ಇದ್ದವರು. ಸವಾರಿಗೆ ಬಂದವರಲ್ಲ, ತಮ್ಮ ಕಾರಿನಲ್ಲಿ ಕನ್ನಡಕದ ಪೆಟ್ಟಿಗೆ ಹಾಕಿಕೊಂಡು ರಸ್ತೆಯ ಮೂಲಕ ನೇರವಾಗಿ ಹಳ್ಳಿಗೆ ಬರುವವರು. ಫೋನಿನಲ್ಲಿ ಅವರು ಹೇಳಿದ್ದು ಒಂದೇ ಮಾತು.

“ಹನ್ನೊಂದಾದ ಮೇಲೆ ಒಬ್ಬನೂ ಕೂರುದಿಲ್ಲ ನೋಡಿ. ಸ್ನಾನ, ನಮಾಜು, ಊಟ, ಮತ್ತೆ ಊರಿಗೆ ಫೋನು. ಅವರಿಗೂ ವಾರಕ್ಕೆ ಒಂದೇ ಶುಕ್ರವಾರ ಅಲ್ವಾ? ನೀವು ಎಂಟೂವರೆಗೆ ಬಂದು ಸಾಲು ಮಾಡಿಸಿ ಕೊಟ್ರೆ ನಾನು ಮುಗಿಸ್ತೇನೆ.”

ನಾನು ಎಂಟೂವರೆ ಎಂದು ಬರೆದುಕೊಂಡೆ.

ಬುಧವಾರ ಪಿಕಪ್ಪಿನಲ್ಲಿ ದಾರಿ ನೋಡಲು ಹೋದೆವು. ಗಾಡಿ ಓಡಿಸುತ್ತಿದ್ದವರು ಉಳ್ಳಾಲದ ಕಡೆಯ ಬ್ಯಾರಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ನನ್ನನ್ನು ‘ಅಕ್ಕಾ’ ಎನ್ನುತ್ತಿದ್ದರು. ನಾನು ಅವರನ್ನು ‘ಕಾಕ’ ಎನ್ನುತ್ತಿದ್ದೆ. ಹಿಂದಿನ ವಾರ ಎರಡು ದಿನ ಮಳೆ ಬಂದಿತ್ತು. ಮರಳು ಗಟ್ಟಿಯಾಗಿ, ಗಾಳಿ ತಣ್ಣಗಾಗಿ, ಸವಾರಿಗೆ ಹೇಳಿ ಮಾಡಿಸಿದ ಹವೆ ಎಂದುಕೊಂಡಿದ್ದೆ.

ಗುರುವಾರ ರಾತ್ರಿ ಕುದುರೆಗಳು ತಂಗುವ ಜಾಗದಿಂದ ಹಳ್ಳಿಗೆ ಎರಡು ದಾರಿಯಿತ್ತು. ಒಂದು, ಗುಡ್ಡ ಹತ್ತಿ ಇಳಿದು ಹೋಗುವುದು. ಅದಕ್ಕೆ ಎರಡು ಗಂಟೆ ಬೇಕು. ಇನ್ನೊಂದು, ಗುಡ್ಡಗಳ ನಡುವೆ ಚಪ್ಪಟೆಯಾಗಿ ಬಿದ್ದ ಉಪ್ಪುನೆಲವನ್ನು ಅಡ್ಡ ದಾಟುವುದು, ಅದಕ್ಕೆ ಒಂದು ಗಂಟೆ ಸಾಕು. ಅರಬರು ಅದನ್ನು ಸಬ್ಖಾ ಎನ್ನುತ್ತಾರೆ. ಕೆಳಗೆ ಉಪ್ಪುನೀರು, ಅದರ ಮೇಲೆ ಕೆಸರು, ಕೆಸರಿನ ಮೇಲೆ ಬಿಸಿಲಿಗೆ ಒಣಗಿ ಕಟ್ಟಿದ ಉಪ್ಪಿನ ಬಿಳಿ ಪದರ. ಬೇಸಿಗೆಯಲ್ಲಿ ಅದು ಡಾಂಬರು ರಸ್ತೆಯಷ್ಟು ಗಟ್ಟಿ. ಗುಡ್ಡಗಳಲ್ಲಿ ಬಳಲಿದ ಕುದುರೆಗಳು ಅಲ್ಲಿಗೆ ಬಂದರೆ ತಾವಾಗಿಯೇ ಓಡತೊಡಗುತ್ತವೆ. ಹಿಂದಿನ ಏಪ್ರಿಲಿನಲ್ಲಿ ಅದೇ ನೆಲವನ್ನು ನಾವು ದಾಟಿದ್ದೆವು. ಆ ಗೆರೆ ಇನ್ನೂ ನನ್ನ ಜಿಪಿಎಸ್‌ನಲ್ಲಿತ್ತು.

ಅಂಚಿನಲ್ಲಿ ಗಾಡಿ ನಿಲ್ಲಿಸಿ ನಾನು ಇಳಿದು ಹಿಮ್ಮಡಿಯಿಂದ ಗುದ್ದಿ ನೋಡಿದೆ. ಹಪ್ಪಳದಂತೆ ಸ್ವಲ್ಪ ಬಿರಿಯಿತು, ಕುಸಿಯಲಿಲ್ಲ. ಕಾಕ ಟೈರುಗಳ ಗಾಳಿಯನ್ನು ಅರ್ಧಕ್ಕೂ ಕಡಿಮೆ ಮಾಡಿದರು. ಮರಳಿಗೆ ಇಳಿಯುವ ಮೊದಲು ಎಲ್ಲರೂ ಮಾಡುವ ಕೆಲಸವೇ ಅದು. ಟೈರು ಅಗಲವಾಗಿ ಹರಡಿ ನಿಲ್ಲುತ್ತದೆ, ಹುಗಿಯುವುದಿಲ್ಲ. ಗಾಡಿಯ ಹಿಂಭಾಗದಲ್ಲಿ ನೀರಿನ ಟ್ಯಾಂಕು ಖಾಲಿ, ಸರಂಜಾಮು ಯಾವುದೂ ಇಲ್ಲ. ನಿಧಾನವಾಗಿ ದಾಟಿದೆವು. ಗಾಡಿಯ ಹಿಂದೆ ಎರಡು ಗಾಢ ಗೆರೆ ಮೂಡಿದವು, ಅಷ್ಟೇ.

ಆಚೆ ದಡದಲ್ಲಿ ಕಾಕ ಕಿಟಕಿಯಿಂದ ತಲೆ ಹೊರಹಾಕಿ ನೆಲ ನೋಡುತ್ತ ಕೇಳಿದರು: “ಅಕ್ಕಾ, ಒಂಟೆ ಹೆಜ್ಜೆ ಎಲ್ಲ ಅಂಚಲ್ಲೇ ಉಂಟಲ್ಲ. ನಡುವಲ್ಲಿ ಒಂದೂ ಇಲ್ಲ. ಸುತ್ತು ಹಾಕಿ ಯಾಕೆ ಹೋಗುದು ಅವು?”

“ಅಂಚಲ್ಲಿ ಗಿಡ ಇದೆಯಲ್ಲ ಕಾಕ. ಮೇಯ್ತಾ ಹೋಗಿರ್ತವೆ.”

“ಹೌದಾ. ನೀವು ಕಾಲೇಜು ಕಲಿತವರು. ನಾನು ಒಂಟೆಯನ್ನು ಬಿರಿಯಾನಿಯಲ್ಲಿ ಮಾತ್ರ ನೋಡಿದ್ದು.”

ಇಬ್ಬರೂ ನಕ್ಕೆವು. ಅಲ್ಲಿಂದ ಹಳ್ಳಿಗೆ ಹೋಗಿ ಮಾಡಿನ ಅಳತೆ ತೆಗೆದುಕೊಂಡೆ. ಎಷ್ಟು ಮಂದಿಗೆ ಓದುವುದು ಕಷ್ಟ, ಎಷ್ಟು ಮಂದಿಗೆ ದೂರ ಕಾಣುವುದಿಲ್ಲ ಎಂದು ಕೇಳಿ ಬರೆದುಕೊಂಡೆ. ಒಂಟೆ ನೋಡಿಕೊಳ್ಳುತ್ತಿದ್ದ ಪೇಶಾವರದ ಮುದುಕರೊಬ್ಬರು ಚಹಾ ಕೊಟ್ಟರು. ಅರ್ಧ ಗಂಟೆ ಕೂತಿದ್ದೆ. ಅವರಿಗೆ ಏನು ಬೇಕು ಎಂದು ಕೇಳಿದೆ. ನಮ್ಮ ದಾರಿ ಹೇಗಿದೆ ಎಂದು ಅವರನ್ನು ಕೇಳಬಹುದೆಂಬುದು ನನಗೆ ಹೊಳೆಯಲೇ ಇಲ್ಲ.

ಶುಕ್ರವಾರ ಬೆಳಗಾದರೆ ಮಂಜು. ಕಟ್ಟಿದ ಕುದುರೆಗಳ ಪೈಕಿ ಮೊದಲಿನ ಮೂರು ಮಾತ್ರ ಕಾಣುತ್ತಿದ್ದವು. ಉಳಿದವು ಉಸಿರು ಬಿಡುವ ಸದ್ದು ಮಾತ್ರ. ಆರೂವರೆಗೆ ಹೊರಡಬೇಕಿತ್ತು. ಗುಡ್ಡದ ಆಚೆಬದಿಯ ಇಳಿಜಾರು ಕಾಣದೆ ಕುದುರೆ ಹತ್ತಿಸುವಂತಿಲ್ಲ. ಕಾದೆವು. ಎಂಟೂಮುಕ್ಕಾಲಿಗೆ ಮಂಜು ಸ್ವಲ್ಪ ತೆಳುವಾಯಿತು. ತಂಡದ ಮುಖ್ಯಸ್ಥೆ, ಲಾಯದಲ್ಲಿ ಸವಾರಿ ಕಲಿಸುತ್ತಿದ್ದ ಐರಿಶ್ ಮಹಿಳೆ, ನನ್ನ ಬಳಿ ಬಂದು ಕೇಳಿದರು: “ಗುಡ್ಡದ ದಾರಿಯಲ್ಲಿ ಹೋದರೆ ಹನ್ನೊಂದಾಗುತ್ತದೆ. ಚಪ್ಪಟೆ ನೆಲ ಸರಿಯಿದೆಯೆ?”

“ಬುಧವಾರ ಗಾಡಿಯಲ್ಲೇ ದಾಟಿದ್ದೇನೆ” ಎಂದೆ.

ಆಮೇಲೆ ನಾನು ಕಾಕನಿಗೆ ಹೇಳಿದ ಮಾತೂ ನನಗೆ ಅಷ್ಟೇ ಸ್ಪಷ್ಟವಾಗಿ ನೆನಪಿದೆ. “ಕಾಕ, ನಾವು ಸಬ್ಖಾಕ್ಕೆ ಇಳಿಯುವುದು ಬೇಡ. ಟ್ಯಾಂಕು ತುಂಬಿದೆ, ಪ್ಲೈವುಡ್ ಬೇರೆ ಇದೆ. ಭಾರ ಜಾಸ್ತಿ. ಅವರು ದಾಟಿದ್ದು ನೋಡಿ ನಾವು ಸುತ್ತಿ ಹೋಗೋಣ.” ತುಂಬಿದ ಗಾಡಿಯನ್ನು ತಾಳದ ನೆಲ ಕುದುರೆಯನ್ನು ತಾಳುತ್ತದೆಯೆ ಎಂಬ ಪ್ರಶ್ನೆ ಇವೆರಡು ಮಾತುಗಳ ನಡುವೆ ಎಲ್ಲೋ ಇತ್ತು. ನಾನು ಅದರ ಪಕ್ಕದಲ್ಲೇ ಹಾದುಹೋದೆ. ಗಾಳಿ ಇಳಿಸಿದ ಟೈರು ಒಂಟೆಯ ಪಾದದಂತೆ, ಅಗಲ. ಕುದುರೆಯ ಗೊರಸು ಒನಕೆಯ ಹಾಗೆ. ನಾಲ್ಕು ಕ್ವಿಂಟಲ್ ಭಾರವನ್ನು ಅಂಗೈಯಷ್ಟು ಜಾಗದಲ್ಲಿ ಊರಿ ಊರಿ ನಡೆಯುತ್ತದೆ. ಇದು ಗೊತ್ತಿಲ್ಲದ ಸಂಗತಿಯಲ್ಲ. ಹೊಸ ಸವಾರರಿಗೆ ಮೊದಲ ದಿನ ನಾನೇ ಇದನ್ನು ಹೇಳಿಕೊಡುತ್ತಿದ್ದೆ.

ಕೊನೆಯಲ್ಲಿ ಹೊರಟವನು ಸಾಯಿಸ, ಕುದುರೆಗಳ ಆರೈಕೆ ಮಾಡುವವನು. ರಾಜಸ್ಥಾನದವನು, ನಲವತ್ತು ದಾಟಿದ್ದ. ಅವನು ಹತ್ತಿದ್ದ ಕಂದು ಬಣ್ಣದ ಹೆಣ್ಣು ಕುದುರೆಗೆ ಪಾಸ್‌ಪೋರ್ಟಿನಲ್ಲಿ ಉದ್ದದ ಅರಬಿ ಹೆಸರಿತ್ತು. ಅವನು ಕರೆಯುತ್ತಿದ್ದುದು ಗುಡ್ಡಿ ಎಂದು. ಹುಟ್ಟಿದ ದಿನದಿಂದ ಅವಳನ್ನು ಸಾಕಿದವನು ಅವನೇ. ಇನ್ನೊಂದು ಕೈಯಲ್ಲಿ ಹೆಚ್ಚುವರಿ ಕುದುರೆಯ ಹಗ್ಗ ಹಿಡಿದಿದ್ದ.

“ಮೇಡಂ, ಕಣ್ಣಿನ ಡಾಕ್ಟರಿಗೆ ಹೇಳಿ, ಗುಡ್ಡಿಗೂ ಒಂದು ಕನ್ನಡಕ ಇಟ್ಟಿರಲಿ. ನಿನ್ನೆ ನನ್ನ ಟೋಪಿಯನ್ನು ಹುಲ್ಲು ಅಂತ ತಿಂದಳು” ಎಂದು ಹಿಂದಿಯಲ್ಲಿ ಹೇಳಿ ಇಳಿದ.

ಅವರು ಬುಧವಾರದ ನಮ್ಮ ಚಕ್ರದ ಗೆರೆಯನ್ನೇ ಹಿಡಿದು ಒಂದರ ಹಿಂದೆ ಒಂದರಂತೆ ಹೋದರು. ಹಾಗೆ ಹೋಗಲು ಹೇಳಿದ್ದೂ ನಾನೇ. ಆ ಗೆರೆಯಲ್ಲಿ ನೆಲ ಆಗಲೇ ಬಿರಿದಿತ್ತು. ಎಂಟು ಕುದುರೆಗಳ ಗೊರಸು ಅದೇ ಜಾಗದಲ್ಲಿ ಬಿತ್ತು. ಅವು ಆಚೆ ದಡ ಸೇರಿದ್ದನ್ನು ಮಂಜಿನ ಮಸುಕಿನಲ್ಲಿ ಎಣಿಸಿದೆ. ಒಂಬತ್ತನೆಯದು ಗುಡ್ಡಿ. ನಮ್ಮಿಂದ ಮೂವತ್ತು ಹೆಜ್ಜೆ ಹೋಗಿದ್ದಳು.

ದೊಡ್ಡ ಸದ್ದೇನೂ ಆಗಲಿಲ್ಲ. ಹಿಂಗಾಲು ಎರಡೂ ಒಮ್ಮೆಗೇ ಇಳಿದವು. ಅವಳು ಎದ್ದು ನೆಗೆಯಲು ನೋಡಿದಳು. ಮುಂಗಾಲು ಊರಿದ ಕಡೆಯೂ ಒಡೆಯಿತು. ಹೊಟ್ಟೆಯವರೆಗೆ ಹುಗಿದು, ಹೊರಳಿ, ಎಡಕ್ಕೆ ಬಿದ್ದಳು. ಸಾಯಿಸ ಇನ್ನೊಂದು ಕುದುರೆಯ ಹಗ್ಗ ಬಿಟ್ಟ. ಅದು ಗಾಬರಿಯಿಂದ ನಮ್ಮತ್ತ ಓಡಿ ಬಂತು. ಅವನಿಗೆ ಮಾತ್ರ ಇಳಿಯಲಾಗಲಿಲ್ಲ. ಎಡಗಾಲು ತೊಡೆಯವರೆಗೆ ಅವಳ ಕೆಳಗಿತ್ತು.

ಅವಳು ಒದ್ದಾಡಿದಾಗಲೆಲ್ಲ ಅವನು ಒಂದಿಷ್ಟು ಕೆಳಗೆ ಹೋಗುತ್ತಿದ್ದ. ಗುಂಡಿಯಲ್ಲಿ ನೀರು ಜಿನುಗಿ ತುಂಬುತ್ತಿತ್ತು. ಮೊದಲು ನೋಡಿದಾಗ ಅವನ ಸೊಂಟಕ್ಕಿತ್ತು.

ಮುಖ್ಯಸ್ಥೆ ಆಚೆ ದಡದಿಂದ ಕೂಗಿ ಯಾರೂ ಹಿಂದೆ ಬರಬಾರದೆಂದರು. ಅದು ಸರಿಯಾದ ಮಾತು. ಮೊಬೈಲಿಗೆ ಸಿಗ್ನಲ್ ಇದ್ದುದು ಗುಡ್ಡದ ತುದಿಯಲ್ಲಿ ಮಾತ್ರ. ಅವರು ಅಲ್ಲಿಗೆ ಹತ್ತಿ ಪೊಲೀಸರಿಗೆ, ಆಮೇಲೆ ರಸ್ತೆಯ ಮೂಲಕ ಕುದುರೆ ಲಾರಿಯೊಡನೆ ಹಳ್ಳಿಗೆ ಬಂದಿದ್ದ ನಮ್ಮ ಪಶುವೈದ್ಯರಿಗೆ ಫೋನು ಮಾಡಿ, ವಾಕಿಟಾಕಿಯಲ್ಲಿ ನನಗೆ ಹೇಳಿದರು: ಮಂಜಿರುವುದರಿಂದ ಹೆಲಿಕಾಪ್ಟರ್ ಏರುವುದಿಲ್ಲ. ಆಂಬುಲೆನ್ಸ್ ಬರಲು ಒಂದೂವರೆ ಗಂಟೆಯಾದರೂ ಬೇಕು. ಪಶುವೈದ್ಯರು ಹೊರಟಿದ್ದಾರೆ, ಆದರೆ ಲಾರಿ ಮರಳಿಗೆ ಇಳಿಯುವುದಿಲ್ಲ, ರಸ್ತೆಯಲ್ಲಿ ಬಹಳ ಸುತ್ತಿ ಬರಬೇಕು.

ಕಾಕ ಆಗಲೇ ಇಂಜಿನ್ ಚಾಲೂ ಮಾಡಿ, ಕೊಕ್ಕೆಯ ಹಗ್ಗ ಬಿಚ್ಚುತ್ತಿದ್ದರು. “ಕಟ್ಟಿ ಎಳೆಯುವ ಅಕ್ಕಾ. ಎರಡು ನಿಮಿಷದ ಕೆಲಸ. ಯಲ್ಲಾ, ಬೇಗ!”

“ಬೇಡ ಕಾಕ.”

“ಎಂತ ಬೇಡ? ಮನುಷ್ಯ ಸಾಯ್ತಾನೆ!”

“ಗಾಡಿಯಲ್ಲಿ ಎಳೆದರೆ ಅವನ ಕಾಲು ಅಲ್ಲೇ ಉಳಿತದೆ. ಕೆಸರು ಹಿಡಿದದ್ದು ಬಿಡುದಿಲ್ಲ. ಮೊದಲು ಹಿಡಿತ ಬಿಡಿಸಬೇಕು. ಪ್ಲೈವುಡ್ ಇಳಿಸಿ.”

ಆಪತ್ತಿನಲ್ಲಿ ಕುದುರೆಯನ್ನು ಹೇಗೆ ಹೊರತೆಗೆಯಬೇಕೆಂದು ಲಾಯದಲ್ಲಿ ನಮಗೆ ಒಂದು ದಿನದ ತರಬೇತಿ ಕೊಟ್ಟಿದ್ದರು. ಎಸಿ ಕೋಣೆಯಲ್ಲಿ, ಪರದೆಯ ಮೇಲೆ ಚಿತ್ರ ತೋರಿಸಿ. ಅದರಲ್ಲಿ ಮೂರು ಮಾತು ತಲೆಯಲ್ಲಿತ್ತು: ಕುತ್ತಿಗೆಗೆ, ಕಾಲಿಗೆ ಹಗ್ಗ ಹಾಕಿ ಎಳೆಯಬೇಡಿ, ಭಾರ ಹರಡಲು ಹಲಗೆ ಹಾಕಿ, ಕೆಸರಿನೊಳಕ್ಕೆ ನೀರು ನುಗ್ಗಿಸಿ ಹಿಡಿತ ಸಡಿಲಿಸಿ. ಮಾಡಿಗೆಂದು ತಂದ ಹನ್ನೆರಡು ಹಲಗೆಗಳಿದ್ದವು. ಒಂಬತ್ತನ್ನು ಒಂದರ ಮುಂದೊಂದು ಹಾಸಿ ದಾರಿ ಮಾಡಿದೆವು. ಮೂರನ್ನು ಗುಂಡಿಯ ಸುತ್ತ ಇಟ್ಟೆವು. ಕೊನೆಯ ಕೆಲವು ಹೆಜ್ಜೆ ಹೊಟ್ಟೆಯ ಮೇಲೆ ತೆವಳಿ ಹೋದೆ.

ಸಾಯಿಸನ ಮುಖ ಬೂದಿಯಂತಾಗಿತ್ತು. ಒಂದು ಕೈಯಲ್ಲಿ ಗುಡ್ಡಿಯ ಕಿವಿಯ ಹಿಂದೆ ತುರಿಸುತ್ತ ಏನೋ ಗುನುಗುತ್ತಿದ್ದ. ನೀರು ಎದೆಗೆ ಬಂದಿತ್ತು. ಜನವರಿಯ ಉಪ್ಪುನೀರು, ಕೈ ಇಟ್ಟರೆ ಮೂಳೆ ನೋಯುವಷ್ಟು ತಣ್ಣಗೆ.

“ನೋವಿದೆಯಾ?” ಎಂದು ಕೇಳಿದೆ.

“ಕಾಲು ಗೊತ್ತೇ ಆಗ್ತಿಲ್ಲ ಮೇಡಂ. ಇವಳು ಹೆದರಿದ್ದಾಳೆ. ಮೊದಲು ಇವಳನ್ನು ತೆಗೀರಿ. ಇವಳು ಎದ್ದರೆ ನಾನು ತಾನಾಗಿ ಬರ್ತೇನೆ.”

ಅಷ್ಟರಲ್ಲಿ ಅವಳು ಮತ್ತೆ ಒದ್ದಾಡಿದಳು. ನೀರು ಅವನ ಗಂಟಲಿಗೆ ಬಂತು. ಅವನು ಗುನುಗುವುದನ್ನು ನಿಲ್ಲಿಸಲಿಲ್ಲ.

ವಾಕಿಟಾಕಿಯಲ್ಲಿ ಪಶುವೈದ್ಯರ ಮಾತನ್ನು ಮುಖ್ಯಸ್ಥೆ ದಾಟಿಸಿದರು. ಗಾಡಿಯಲ್ಲಿ ಬೀಗ ಹಾಕಿದ ಔಷಧಿ ಪೆಟ್ಟಿಗೆಯಿದೆ, ಅದರ ಸಂಖ್ಯೆ ಇಂತಿಷ್ಟು, ಒಳಗೆ ಮಂಪರಿನ ಚುಚ್ಚುಮದ್ದಿದೆ. ಅದನ್ನು ಕುತ್ತಿಗೆಯ ಸ್ನಾಯುವಿಗೆ ಕೊಟ್ಟರೆ ಹದಿನೈದು ನಿಮಿಷದಲ್ಲಿ ಒದ್ದಾಟ ನಿಲ್ಲುತ್ತದೆ. “ಆದರೆ ಅವಳಿಗೆ ಕೇಳಿಸುವಂತೆ ಹೇಳು” ಎಂದಿದ್ದರಂತೆ ವೈದ್ಯರು. ‘ಅವಳು’ ಅಂದರೆ ನಾನು. “ಮಂಪರು ಬಂದ ಕುದುರೆ ತಲೆ ಎತ್ತಿ ಹಿಡಿಯುವುದಿಲ್ಲ. ಯಾರಾದರೂ ಹಿಡಿದುಕೊಂಡೇ ಇರಬೇಕು. ಮೂಗು ನೀರಿಗೆ ಹೋದರೆ ಮುಗಿಯಿತು. ಇಷ್ಟು ಚಳಿಯಲ್ಲಿ ಮಂಪರಾದರೆ ಆಮೇಲೆ ಎದ್ದು ನಿಲ್ಲುವುದೂ ಕಷ್ಟ. ನಿರ್ಧಾರ ಅಲ್ಲಿರುವವರದು.”

ಅಲ್ಲಿದ್ದವಳು ನಾನು. ಕಾಕ ಪೆಟ್ಟಿಗೆ ತಂದುಕೊಟ್ಟರು. ಸಿರಿಂಜು ತುಂಬುವುದನ್ನು ಸಾಯಿಸ ನೋಡಿದ.

“ಸುಯಿ ಮತ್ ಲಗಾನಾ ಮೇಡಂ!” ಅವನು ಅರಚಿದ್ದು ಅದೇ ಮೊದಲು. “ಸೂಜಿ ಬೇಡ. ಮಲಗಿದರೆ ಇವಳು ಏಳಲ್ಲ. ನಾನು ಹೇಳಿದರೆ ಸುಮ್ಮನಿರ್ತಾಳೆ. ನನ್ನ ಮಾತು ಕೇಳ್ತಾಳೆ. ಐದು ನಿಮಿಷ ಕೊಡಿ.”

ನಾನು ಒಂದು ನಿಮಿಷವನ್ನೂ ಕೊಡಲಿಲ್ಲ. ಅವಳ ಕುತ್ತಿಗೆಯ ಮೇಲೆ ಸೂಜಿ ಹಾಕುವ ತ್ರಿಕೋನ ಜಾಗವನ್ನು ಬೆರಳಿನಿಂದ ಗುರುತಿಸಿ, ಸೂಜಿ ಚುಚ್ಚಿದೆ. ಅವನು ನನ್ನನ್ನು ಬೈಯಲಿಲ್ಲ. ಕಣ್ಣು ಮುಚ್ಚಿಕೊಂಡ. ಆ ಹದಿನೈದು ನಿಮಿಷದಲ್ಲಿ ಅವನು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಆಚೆ ದಡದಲ್ಲಿದ್ದವರು ಹೆದರಿದ ಕುದುರೆಗಳನ್ನು ಬಿಟ್ಟು ಬರುವಂತಿರಲಿಲ್ಲ. ಇಬ್ಬರು ಮಾತ್ರ ತಮ್ಮವನ್ನು ಬೇರೆಯವರ ಕೈಗೆ ಕೊಟ್ಟು, ಅಂಚು ಬಳಸಿ ಓಡಿ ಬಂದರು. ಗಾಡಿಯ ಟ್ಯಾಂಕಿನ ಪಂಪಿನ ಪೈಪು ಗುಂಡಿಗೆ ಮುಟ್ಟಲಿಲ್ಲ. ಕಾಕ ಇನ್ನೊಂದು ತುಂಡನ್ನು ಟೇಪಿನಿಂದ ಸುತ್ತಿ ಜೋಡಿಸಿದರು. ನೆರಳಿನ ಡೇರೆಯ ಟೊಳ್ಳು ಅಲ್ಯೂಮಿನಿಯಂ ಕಂಬವೊಂದನ್ನು ಪೈಪಿನ ತುದಿಗೆ ಸಿಕ್ಕಿಸಿದೆವು. ಅಷ್ಟರಲ್ಲಿ ಗುಡ್ಡಿಯ ಕೆಳತುಟಿ ಜೋತುಬಿತ್ತು, ಕಣ್ಣು ಅರ್ಧ ಮುಚ್ಚಿತು. ನಾನು ಹಲಗೆಯ ಮೇಲೆ ಕಂಬಳಿ ಮಡಿಸಿಟ್ಟು, ಅವಳ ತಲೆಯನ್ನು ಅದರ ಮೇಲೆ ಎತ್ತಿಕೊಂಡು, ಮುಖದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಎಚ್ಚರದಲ್ಲಿರುವ ಕುದುರೆಯ ತಲೆಯ ಭಾರ ನಮಗೆ ಗೊತ್ತಾಗುವುದಿಲ್ಲ. ಅವತ್ತು ಗೊತ್ತಾಯಿತು.

ಪಂಪು ಚಾಲೂ ಆಯಿತು. ಕಾಕ ಕಂಬವನ್ನು ಸಾಯಿಸನ ತೊಡೆಯ ಪಕ್ಕದಲ್ಲಿ ಕೆಸರಿನೊಳಕ್ಕೆ ಇಳಿಸಿದರು. ಕುದುರೆಗಳಿಗೆಂದು ತಂದ ಕುಡಿಯುವ ನೀರು ಗುಳುಗುಳು ಮೇಲೆ ಬಂತು. ಸವಾರರಿಬ್ಬರು ಮೇವಿನ ಬೋಗುಣಿಯಲ್ಲಿ ಕೆಸರನ್ನೂ ನೀರನ್ನೂ ತೋಡಿ ಹಾಕುತ್ತಿದ್ದರು, ಕೈಯಲ್ಲಿ ಬಗೆಯುತ್ತಿದ್ದರು. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಸಾಯಿಸನ ಹಲ್ಲು ಕಟಕಟಿಸುವುದು ನಿಂತಿತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಗೊತ್ತಿತ್ತು.

“ಏ, ಮಲಗಬೇಡ! ಹೆಂಡತಿ ಹೆಸರೆಂತ? ಹೇಳು!” ಕಾಕ ತಮ್ಮ ಮುರುಕು ಹಿಂದಿಯಲ್ಲಿ ಅವನ ಕೆನ್ನೆಗೆ ಹೊಡೆಯುತ್ತಿದ್ದರು. “ಮಕ್ಕಳೆಷ್ಟು? ಹೇಳು ಮಾರಾಯ!”

ಅವನು “ಗುಡ್ಡಿ” ಎಂದ. ಯಾವ ಪ್ರಶ್ನೆಗೆ ಎಂದು ತಿಳಿಯಲಿಲ್ಲ.

ಆಮೇಲೆ ಕೆಸರು ಒಮ್ಮೆ ದೊಡ್ಡದಾಗಿ ನಿಟ್ಟುಸಿರಿನಂಥ ಸದ್ದು ಮಾಡಿತು. ಕಾಕ ಕಂಬ ಬಿಸಾಡಿ ಅವನ ಕಂಕುಳಿಗೆ ಕೈ ಹಾಕಿದರು. “ಬಂತು! ಬಂತು! ಸಡಿಲ ಆಯ್ತು!” ಮೂವರೂ ಎಳೆದರು. ಒಂದು ಗೇಣು ಮೇಲೆ ಬಂದ, ಮತ್ತೆ ಜಾರಿದ. ಕಾಕನ ಕಾಲ ಕೆಳಗಿನ ಹಲಗೆ ವಾಲತೊಡಗಿತು.

“ಅಕ್ಕಾ, ಕೈ ಕೊಡಿ! ಈಗ ಹೋದ್ರೆ ಹೋಯ್ತು! ಕೈ ಕೊಡಿ!”

ನಾನು ಮುಖದ ಪಟ್ಟಿಯನ್ನು ಬಿಟ್ಟೆ.

ಬಿಡಬೇಕೋ ಬೇಡವೋ ಎಂದು ಯೋಚಿಸಿ ಬಿಟ್ಟೆನೆಂದು ಹೇಳಲಾರೆ. ಕೈಗಳು ಇಲ್ಲಿದ್ದವು, ಆಮೇಲೆ ಅಲ್ಲಿದ್ದವು. ಅವನ ಎಡಗೈಯನ್ನು ಮೊಣಕೈಯ ಬಳಿ ಹಿಡಿದು ಹಿಂದಕ್ಕೆ ಬಿದ್ದೆ. ನಾಲ್ವರ ಭಾರಕ್ಕೆ ಅವನು ಬೇರು ಕಿತ್ತ ಗೆಡ್ಡೆಯಂತೆ ಹೊರಬಂದ. ಕಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಅವನನ್ನು ಹಲಗೆಯ ಮೇಲೆ ಎಳೆದುಕೊಂಡು, ಕಂಬಳಿ ಸುತ್ತಿ, ಉಸಿರಾಡುತ್ತಿದ್ದಾನೆ ಎಂದು ಯಾರೋ ಹೇಳಿದ ಮೇಲೆ ನಾನು ತಿರುಗಿ ನೋಡಿದೆ.

ಗುಡ್ಡಿಯ ತಲೆ ಹಲಗೆಯ ಅಂಚಿನಿಂದ ಜಾರಿತ್ತು. ಮೂಗು ನೀರಿನಲ್ಲಿತ್ತು. ಅವಳು ಕೊಸರಾಡುತ್ತಲೂ ಇರಲಿಲ್ಲ. ನೀರಿನಲ್ಲಿ ಗುಳ್ಳೆ ಏಳುತ್ತಿತ್ತು.

ಹಾರಿಹೋಗಿ ಎತ್ತಿದೆ. ಕೆಮ್ಮಿದಳು, ಮೂಗಿನಿಂದ ಕಂದು ನೀರು ಹರಿಯಿತು. ಉಸಿರು ನಡೆಯುತ್ತಿತ್ತು. ಅರ್ಧ ನಿಮಿಷ ಆಗಿರಬಹುದು ಎಂದು ಕಾಕ ಈಗಲೂ ಹೇಳುತ್ತಾರೆ. ನಾನು ಮನಸ್ಸಿನಲ್ಲಿ ಅದನ್ನು ಎಷ್ಟು ಬಾರಿ ನಡೆಸಿ ನೋಡಿದ್ದೇನೋ. ಪ್ರತಿ ಸಲವೂ ಅರ್ಧ ನಿಮಿಷಕ್ಕಿಂತ ಉದ್ದವಾಗಿಯೇ ಬರುತ್ತದೆ. ಈಗ ನನಗೆ ದುಬೈಯ ಅಲ್ ಬರ್ಷಾದಲ್ಲಿ, ಒಂಬತ್ತನೆಯ ಮಹಡಿಯ ಕಚೇರಿಯಲ್ಲಿ ಕೆಲಸ. ಫುಟ್‌ಪಾತಿನ ಇಂಟರ್‌ಲಾಕ್ ಕಲ್ಲೊಂದು ಕಾಲ ಕೆಳಗೆ ಅಲುಗಿದರೂ ನಿಂತುಬಿಡುತ್ತೇನೆ. ಹಿಂದೆ ಬರುವವರು ಬೈದುಕೊಂಡು ಸುತ್ತಿ ಹೋಗುತ್ತಾರೆ.

ಹತ್ತು ನಿಮಿಷದ ಮೇಲೆ ಮಂಜಿನಿಂದ ಒಂದು ತೋಟದ ಪಿಕಪ್ ಬಂತು. ಡಾಕ್ಟರ ಎದುರು ಸಾಲು ನಿಂತಿದ್ದವರಿಗೆ ಸುದ್ದಿ ತಿಳಿದು, ಸಾಲು ಬಿಟ್ಟು, ಸಲಿಕೆ, ಒಣಹುಲ್ಲಿನ ಕಟ್ಟು, ಅಗಲದ ಪಟ್ಟಿ ಹಾಕಿಕೊಂಡು ಬಂದಿದ್ದರು. ಹನ್ನೊಂದು ಮಂದಿ. ಕೆಲವರು ಆಗಲೇ ನಮಾಜಿನ ಒಗೆದ ಬಟ್ಟೆ ತೊಟ್ಟಿದ್ದರು. ಅದೇ ಬಟ್ಟೆಯಲ್ಲಿ ಕೆಸರಿಗಿಳಿದರು. ಒಂಟೆಯನ್ನು ಎತ್ತುವ ರೀತಿಯಲ್ಲಿ ಗುಡ್ಡಿಯ ಎದೆಯ ಹಿಂದೆ ಪಟ್ಟಿ ಹಾಯಿಸಿ, ಹುಲ್ಲಿನ ಕಟ್ಟುಗಳನ್ನು ತುಳಿದು ತುಂಬಿ, ಅವಳನ್ನು ಹಲಗೆಗಳ ಮೇಲೆ ಗಟ್ಟಿನೆಲಕ್ಕೆ ತಂದರು. ನಮ್ಮಲ್ಲಿ ಯಾರಿಂದಲೂ ಅದು ಆಗುತ್ತಿರಲಿಲ್ಲ.

ಚಹಾ ಕೊಟ್ಟಿದ್ದ ಮುದುಕರು ನನ್ನ ಪಕ್ಕದಲ್ಲಿ ನಿಂತು, ನಮ್ಮ ಚಕ್ರದ ಗೆರೆಯನ್ನೂ ಅಂಚಿನ ಒಂಟೆ ಹೆಜ್ಜೆಗಳನ್ನೂ ನೋಡಿದರು.

“ಮಳೆ ಬಂದ ಮೇಲೆ ಒಂದು ತಿಂಗಳು ನಾವು ಇದರ ಮೇಲೆ ಮೇಕೆಯನ್ನೂ ಬಿಡುವುದಿಲ್ಲ, ಬೇಟಿ” ಎಂದರು. ಗದರಿಸುವ ಧ್ವನಿಯಲ್ಲ. “ನೀನು ಮೊನ್ನೆ ಬಂದಿದ್ದೆಯಲ್ಲ. ಕೇಳಬಾರದಿತ್ತೇ?”



ಆಂಬುಲೆನ್ಸ್ ಸಾಯಿಸನನ್ನು ಕರೆದೊಯ್ದ ಮೇಲೆ ಪಶುವೈದ್ಯರು ಬಂದರು. ಕಾಲುಮಡಿಸಿ ಕೂತು ಗುಡ್ಡಿಯ ಎದೆಗೆ ಸ್ಟೆತಾಸ್ಕೋಪು ಇಟ್ಟು ಎರಡೂ ಬದಿ ಬಹಳ ಹೊತ್ತು ಕೇಳಿದರು. ಬಿಸಿನೀರಿನ ಚೀಲ, ಕಂಬಳಿ, ಮಂಪರು ಇಳಿಸುವ ಔಷಧಿ, ರಕ್ತನಾಳಕ್ಕೆ ದ್ರಾವಣ. ಮೂರು ಬಾರಿ ಎಬ್ಬಿಸಲು ನೋಡಿದೆವು. ಮೂರನೆಯ ಬಾರಿ ಮುಂಗಾಲು ಊರಿ ಅರ್ಧ ಎದ್ದಳು. ಎಲ್ಲರೂ “ಹಾಂ, ಹಾಂ” ಎಂದೆವು. ಹಿಂಗಾಲು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಸಿರಿನಲ್ಲಿ ಗೊರಗೊರ ಸದ್ದು ಶುರುವಾಯಿತು, ಮೂಗಿನಿಂದ ನೊರೆ ಬಂತು.

“ಶ್ವಾಸಕೋಶಕ್ಕೆ ಕೆಸರು ಹೋಗಿದೆ” ಎಂದರು ವೈದ್ಯರು. “ಲಾರಿಗೆ ಹತ್ತಿಸಿದರೂ ದಾರಿಯಲ್ಲಿ ಸಾಯುತ್ತಾಳೆ, ಕಷ್ಟಪಟ್ಟು.” ಲಾಯದ ಮಾಲೀಕರಿಗೆ ಫೋನು ಮಾಡಿ ಒಪ್ಪಿಗೆ ಪಡೆದರು. ಸವಾರರು ಉಳಿದ ಕುದುರೆಗಳ ಮುಖವನ್ನು ಆಚೆ ತಿರುಗಿಸಿ ನಿಂತರು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ, ಆ ಸಲ ಕೊನೆಯವರೆಗೂ. ಕಾಕ ಟೋಪಿ ಸರಿಮಾಡಿಕೊಂಡು ತುಟಿ ಅಲುಗಿಸುತ್ತಿದ್ದರು. ಮುಗಿದ ಮೇಲೆ “ಖಲಾಸ್ ಅಕ್ಕಾ, ಏಳಿ” ಎಂದು ನನ್ನ ಭುಜ ಮುಟ್ಟಿದರು.

ಅವತ್ತು ಕಣ್ಣು ತೋರಿಸಿಕೊಳ್ಳಬೇಕಿದ್ದ ಹೆಚ್ಚಿನವರು ತೋರಿಸಿಕೊಳ್ಳಲಿಲ್ಲ. ಡಾಕ್ಟರು ಇನ್ನೊಂದು ಶುಕ್ರವಾರ ಒಬ್ಬರೇ ಹೋಗಿ ಮುಗಿಸಿ ಬಂದರು, ಯಾವ ಕುದುರೆಯೂ ಇಲ್ಲದೆ. ಹಲಗೆಗಳಲ್ಲಿ ಏಳನ್ನು ತೊಳೆದು ಮಾಡಿಗೆ ಹಾಕಿಕೊಂಡರೆಂದು ಆಮೇಲೆ ಕೇಳಿದೆ. ಪೊಲೀಸ್ ಹೇಳಿಕೆಯಲ್ಲಿ ದಾರಿ ಆರಿಸಿದವರು ಯಾರು ಎಂಬಲ್ಲಿ ನನ್ನ ಹೆಸರು ಬರೆಸಿದೆ. ಮುಖ್ಯಸ್ಥೆ ತಮ್ಮ ಹೆಸರನ್ನೂ ಬರೆಸಿದರು. ನಮ್ಮಿಬ್ಬರಿಗೂ ಅದರಿಂದ ಏನೂ ಹಗುರವಾಗಲಿಲ್ಲ.

ಸಾಯಿಸನಿಗೆ ಎರಡು ಶಸ್ತ್ರಚಿಕಿತ್ಸೆಯಾಯಿತು. ಕಾಲು ಉಳಿಯಿತು. ಹತ್ತನೆಯ ದಿನ ನಾನೊಬ್ಬಳೇ ಆಸ್ಪತ್ರೆಗೆ ಹೋದೆ. ಗುಡ್ಡಿ ಇಲ್ಲ ಎಂಬುದನ್ನು ಅವನಿಗೆ ಆಗಲೇ ಕಾಕ ತಿಳಿಸಿದ್ದರು. ನಾನು ತಂದ ಕಿತ್ತಳೆ ಹಣ್ಣನ್ನು ಮೇಜಿನ ಮೇಲಿಟ್ಟೆ. ಕಾಲಿನ ಬಗ್ಗೆ ಕೇಳಿದೆ, ಊಟದ ಬಗ್ಗೆ ಕೇಳಿದೆ. ಅವನು ಎಲ್ಲದಕ್ಕೂ “ಠೀಕ್ ಹೈ ಮೇಡಂ” ಎಂದ. ಬಲಗೈಗೆ ಡ್ರಿಪ್ಪಿನ ಸೂಜಿ ಇತ್ತು. ಎಡಗೈ ಹೊದಿಕೆಯ ಮೇಲಿತ್ತು. ಮೊಣಕೈಯ ಬಳಿ ನನ್ನ ಬೆರಳುಗಳು ಕಚ್ಚಿದ ಜಾಗದಲ್ಲಿ ಹಳದಿಗೆ ತಿರುಗಿದ ಕಲೆಗಳಿದ್ದವು.

ಹೊರಡಬೇಕೆಂದು ಎದ್ದಾಗ ಕೇಳಿದ: “ಸೂಜಿ ಕೊಟ್ಟ ಮೇಲೆ ಅವಳ ತಲೆಯನ್ನು ಯಾರು ಹಿಡಿದಿದ್ದರು?”

“ನಾನು.”

“ಹೌದು, ನನಗೂ ಹಾಗೇ ನೆನಪು.” ಕಿಟಕಿಯ ಕಡೆ ತಿರುಗಿದ. “ಕೊನೆಯವರೆಗೂ ಹಿಡಿದಿದ್ದಿರಾ?”

ಹೌದು ಎಂದರೆ ಮುಗಿಯುತ್ತಿತ್ತು. ನಾನು ಕೈಬಿಟ್ಟದ್ದನ್ನು ಕಂಡವರು ಕಾಕ ಮತ್ತು ಆ ಇಬ್ಬರು ಸವಾರರು, ಅವರು ಎಂದೂ ಹೇಳುತ್ತಿರಲಿಲ್ಲ.

“ನಿನ್ನ ಕಾಲು ಸಡಿಲ ಆಗುವವರೆಗೆ” ಎಂದೆ.

“ಆಮೇಲೆ?”

“ಆಮೇಲೆ ನಿನ್ನ ಕೈ ಹಿಡಿದೆ.”

 ನಾನು ನಿಂತೇ ಇದ್ದೆ. ಅವನು, ನನ್ನ ಕಡೆ ನೋಡದೆ, ಹೊದಿಕೆಯ ಮೇಲಿದ್ದ ಆ ಎಡಗೈಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡ.